ಕರ್ನಲ್ ಏನನ್ನು ತಡೆಯುವುದಿಲ್ಲ, ಅದನ್ನೂ ಬರೆಯಿರಿ

ಪ್ರಶ್ನೆ: ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ನಮ್ಮದೇ ಒಂದಷ್ಟು ಬದಲಾವಣೆ ಸೇರಿಸಿ ಬಳಸುವ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ಪ್ರೋಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ, ಅಧಿಕಾರ ಮತ್ತು ಐಸೊಲೇಷನ್ (ಒಂದನ್ನೊಂದು ಮುಟ್ಟದಂತೆ ಬೇರೆ ಇಡುವುದು) ಬಗ್ಗೆ ಡಾಕ್ಯುಮೆಂಟ್ ಬರೆಯಲು ನನಗೆ ಹೇಳಿದ್ದಾರೆ. ಯುಐಡಿ (ಬಳಕೆದಾರರ ಗುರುತಿನ ಸಂಖ್ಯೆ), ಕೇಪಬಿಲಿಟಿ (ರೂಟ್ ಅಧಿಕಾರದ ಒಂದೊಂದು ತುಂಡು), ನೇಮ್‌ಸ್ಪೇಸ್ (ಪ್ರೋಸೆಸ್‌ಗೆ ವ್ಯವಸ್ಥೆಯ ಬೇರೆಯೇ ನೋಟ ಕೊಡುವುದು), ಸೆಕ್‌ಕಾಂಪ್ (ಸಿಸ್ಟಮ್ ಕಾಲ್‌ಗಳ ಫಿಲ್ಟರ್) ಅಂತ ಒಂದೊಂದಕ್ಕೂ ಒಂದು ಅಧ್ಯಾಯ ಬರೆದೆ. ಓದಿದವರು 'ಬರೆದಿದ್ದೆಲ್ಲ ಸರಿ ಇದೆ, ಆದರೆ ನನಗೆ ಬೇಕಾದ ಉತ್ತರ ಸಿಗಲಿಲ್ಲ' ಎನ್ನುತ್ತಿದ್ದಾರೆ. ಎಲ್ಲಿ ತಪ್ಪಾಗಿದೆ? ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಅಧ್ಯಾಯಗಳಲ್ಲಿ ತಪ್ಪಿಲ್ಲ. ಆದರೆ ಓದುವವರು ಆ ಅಧ್ಯಾಯಗಳ ಲೆಕ್ಕದಲ್ಲಿ ಪ್ರಶ್ನೆ ಕೇಳುವುದಿಲ್ಲ. 'ಕೇಪಬಿಲಿಟಿ ಅಂದರೆ ಏನು' ಎಂದು ತಿಳಿಯಲು ಬರುವವರು ಕಡಿಮೆ. 'ನನ್ನ ಈ ಪ್ರೋಸೆಸ್ ಇನ್ನೊಬ್ಬರ ಕೈಗೆ ಸಿಕ್ಕರೆ ಅವರು ಏನೇನು ಮಾಡಬಹುದು', 'ಇಲ್ಲಿ ಅಧಿಕಾರ ಬಿಟ್ಟುಕೊಟ್ಟೆ, ಅದು ನಿಜಕ್ಕೂ ಹೋಯಿತಾ' ಎಂದು ಕೇಳುವವರೇ ಜಾಸ್ತಿ. ಈ ಪ್ರಶ್ನೆಗಳಿಗೆ ಉತ್ತರ ಒಂದು ಅಧ್ಯಾಯದೊಳಗೆ ಇರುವುದಿಲ್ಲ. ಎರಡು ಅಧ್ಯಾಯ ಸೇರುವ ಜಾಗದಲ್ಲಿ ಇರುತ್ತದೆ. ಆ ಜಾಗದ ಬಗ್ಗೆ ಯಾರೂ ಬರೆದಿರುವುದಿಲ್ಲ, ಅದೇ ತೊಂದರೆ.

ಇದು ಎಷ್ಟು ದೊಡ್ಡ ತೊಂದರೆ ಎಂದು ತೋರಿಸಲು 2000ದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಧಿಕಾರದ ಬಗ್ಗೆ ಡಾಕ್ಯುಮೆಂಟ್ ಬರೆಯುವ ಪ್ರತಿಯೊಬ್ಬರಿಗೂ ಈ ಘಟನೆ ಗೊತ್ತಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಸೆಂಡ್‌ಮೇಲ್ ಎಂಬ ಮೇಲ್ ಪ್ರೋಗ್ರಾಂ ಆಗ ಸೆಟ್‌ಯುಐಡಿ ರೂಟ್ ಆಗಿ ಇರುತ್ತಿತ್ತು. ಯಾರೇ ಶುರು ಮಾಡಿದರೂ ಅದು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ, ಯುಐಡಿ ಸೊನ್ನೆ) ಅಧಿಕಾರದಲ್ಲಿ ಓಡುತ್ತಿತ್ತು. ರೂಟ್ ಬೇಕಾದ ಕೆಲಸ ಮುಗಿದ ಮೇಲೆ ಸೆಟ್‌ಯುಐಡಿ ಎಂಬ ಅದೇ ಹೆಸರಿನ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಕರೆದು ಸಾಮಾನ್ಯ ಬಳಕೆದಾರನ ಮಟ್ಟಕ್ಕೆ ಇಳಿಯುತ್ತಿತ್ತು. ಈ ಕಾಲ್‌ಗೆ ಎರಡು ಮುಖ ಇದೆ. ಕರೆಯುವವರಿಗೆ ಅಧಿಕಾರ ಇದ್ದರೆ ರಿಯಲ್ (ಶುರು ಮಾಡಿದವರದ್ದು), ಎಫೆಕ್ಟಿವ್ (ಅಧಿಕಾರ ನೋಡುವಾಗ ಲೆಕ್ಕಕ್ಕೆ ಬರುವುದು), ಸೇವ್ಡ್ (ಆಮೇಲೆ ಮರಳಲು ಇಟ್ಟುಕೊಂಡದ್ದು) ಮೂರೂ ಯುಐಡಿ ಬದಲಾಗುತ್ತವೆ. ಅಧಿಕಾರ ಇಲ್ಲದಿದ್ದರೆ ಎಫೆಕ್ಟಿವ್ ಒಂದೇ ಬದಲಾಗುತ್ತದೆ. ಎರಡು ಸಂದರ್ಭದಲ್ಲೂ ಕಾಲ್ 'ಯಶಸ್ವಿ' ಎಂದೇ ಹೇಳುತ್ತದೆ. ಹಳೆಯ ಯುನಿಕ್ಸ್‌ನಲ್ಲಿ 'ಅಧಿಕಾರ' ಎಂದರೆ ರೂಟ್ ಆಗಿರುವುದು, ಅಷ್ಟೇ. ಹಾಗಾಗಿ ರೂಟ್ ಆಗಿದ್ದ ಸೆಂಡ್‌ಮೇಲ್‌ಗೆ ಎರಡನೇ ಮುಖ ಎದುರಾಗುವ ಸಾಧ್ಯತೆಯೇ ಇರಲಿಲ್ಲ.

1999ರಲ್ಲಿ ಲಿನಕ್ಸ್ 2.2 ಬಂತು. ಅದರಲ್ಲಿ ರೂಟ್ ಅಧಿಕಾರವನ್ನು ಕೇಪಬಿಲಿಟಿಗಳಾಗಿ ಒಡೆದರು. ಯುಐಡಿ ಬದಲಿಸುವ ಅಧಿಕಾರ ಕ್ಯಾಪ್ ಸೆಟ್‌ಯುಐಡಿ ಎಂಬ ಬೇರೆಯೇ ತುಂಡಾಯಿತು. ಸಾಮಾನ್ಯ ಬಳಕೆದಾರ ತನ್ನ ಇನ್‌ಹೆರಿಟಬಲ್ ಪಟ್ಟಿಯಿಂದ (ಮುಂದೆ ಓಡಿಸುವ ಪ್ರೋಗ್ರಾಂಗೆ ದಾಟಬಹುದಾದ ಕೇಪಬಿಲಿಟಿಗಳು) ಈ ಒಂದು ತುಂಡನ್ನು ತೆಗೆದುಹಾಕಿ ಆಮೇಲೆ ಸೆಂಡ್‌ಮೇಲ್ ಶುರು ಮಾಡಬಹುದಿತ್ತು. ಆಗ ಸೆಂಡ್‌ಮೇಲ್ ರೂಟ್ ಆಗಿ ಓಡುತ್ತದೆ, ಆದರೆ ಕ್ಯಾಪ್ ಸೆಟ್‌ಯುಐಡಿ ಇರುವುದಿಲ್ಲ. ಅಧಿಕಾರ ಬಿಡಲು ಸೆಟ್‌ಯುಐಡಿ ಕರೆಯುತ್ತದೆ. ಎಫೆಕ್ಟಿವ್ ಒಂದೇ ಬದಲಾಗುತ್ತದೆ, ಸೇವ್ಡ್ ಯುಐಡಿ ಸೊನ್ನೆಯಾಗಿಯೇ ಉಳಿಯುತ್ತದೆ. ಕಾಲ್ ಯಶಸ್ವಿ ಎನ್ನುತ್ತದೆ. ಸೆಂಡ್‌ಮೇಲ್ ನಂಬುತ್ತದೆ. ಬೇಕೆಂದಾಗ ಮತ್ತೆ ರೂಟ್ ಆಗುವ ಬಾಗಿಲು ತೆರೆದೇ ಇರುತ್ತದೆ. ಕರ್ನಲ್ 2.2.16ರಲ್ಲಿ ಇದನ್ನು ಸರಿಪಡಿಸಿದರು.

ಇಲ್ಲಿ ಗಮನಿಸಿ. ಸೆಟ್‌ಯುಐಡಿ ಬಗ್ಗೆ ಬರೆದದ್ದು ಸರಿಯಾಗಿತ್ತು. ಕೇಪಬಿಲಿಟಿ ಬಗ್ಗೆ ಬರೆದದ್ದೂ ಸರಿಯಾಗಿತ್ತು. 'ಹೆಚ್ಚು ಅಧಿಕಾರದ ಪ್ರೋಗ್ರಾಂನಿಂದ ಕಡಿಮೆ ಅಧಿಕಾರದವರು ಒಂದು ತುಂಡನ್ನು ಕಿತ್ತುಕೊಳ್ಳಬಹುದು' ಎಂಬ ಒಂದು ವಾಕ್ಯ ಎರಡರಲ್ಲೂ ಇರಲಿಲ್ಲ. ಅಧಿಕಾರ ಕೊಡುವುದು ಅಪಾಯ ಎಂದು ಎಲ್ಲರಿಗೂ ಗೊತ್ತು. ಅಧಿಕಾರ ತೆಗೆಯುವುದೂ ದಾಳಿಯಾಗಬಹುದು ಎನ್ನುವುದು ತಟ್ಟನೆ ಹೊಳೆಯುವುದಿಲ್ಲ.

ಇದೇ ತಪ್ಪು ಬೇರೆ ವೇಷದಲ್ಲಿ ಮತ್ತೆ ಬಂತು. 2013ರ ಲಿನಕ್ಸ್ 3.8ರಿಂದ ಸಾಮಾನ್ಯ ಬಳಕೆದಾರರೂ ಯೂಸರ್ ನೇಮ್‌ಸ್ಪೇಸ್ ತೆರೆಯಬಹುದಾಯಿತು. ಅದರೊಳಗೆ ಅವರಿಗೆ ಎಲ್ಲ ಕೇಪಬಿಲಿಟಿ ಸಿಗುತ್ತದೆ, ತಮ್ಮ ಗ್ರೂಪ್ ಪಟ್ಟಿ ಬದಲಿಸುವುದೂ ಸೇರಿ. ಪಟ್ಟಿಯಿಂದ ಒಂದು ಗ್ರೂಪ್ ಬಿಟ್ಟರೆ ನಷ್ಟ ತಾನೇ, ಲಾಭ ಹೇಗೆ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲವು ಫೈಲ್‌ಗಳಲ್ಲಿ ಗ್ರೂಪ್‌ಗೆ ಅನುಮತಿ ಇಲ್ಲ, 'ಉಳಿದವರಿಗೆ' ಇದೆ ಎಂಬ ವ್ಯವಸ್ಥೆ ಇರುತ್ತದೆ. ಒಂದು ಗುಂಪಿನವರನ್ನು ಮಾತ್ರ ಹೊರಗಿಡಲು ಹಾಗೆ ಮಾಡುತ್ತಾರೆ. ಆ ಗ್ರೂಪ್ ಬಿಟ್ಟ ಕೂಡಲೇ ನೀವು 'ಉಳಿದವರು' ಆಗುತ್ತೀರಿ. ಫೈಲ್ ತೆರೆಯುತ್ತದೆ. ಇದನ್ನು ಮುಚ್ಚಲು 3.19ರಲ್ಲಿ ಒಂದು ನಿಯಮ ತಂದರು. ವಿಶೇಷ ಅಧಿಕಾರ ಇಲ್ಲದವರು ನೇಮ್‌ಸ್ಪೇಸ್‌ನ ಗ್ರೂಪ್ ಮ್ಯಾಪ್ ಬರೆಯಬೇಕಾದರೆ, ಮೊದಲು ಸೆಟ್‌ಗ್ರೂಪ್ಸ್ ಕಾಲ್ ಅನ್ನು ಅಲ್ಲಿ ಬಂದ್ ಮಾಡಬೇಕು. ಈ ನಿಯಮವನ್ನು ಕಾರಣ ಹೇಳದೆ ಬರೆದು ನೋಡಿ. ಓದುವವರಿಗೆ ಅದು ಸುಮ್ನೆ ಕಿರಿಕಿರಿ. ಕಾರಣ ಸೇರಿಸಿ, ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುತ್ತದೆ.

ಕಾರಣ ಸಮೇತ ಬರೆದರೆ ಹೇಗಿರುತ್ತದೆ ಎಂಬುದಕ್ಕೆ ಸೆಕ್‌ಕಾಂಪ್‌ನ ಮ್ಯಾನ್ ಪೇಜ್ (ಕೈಪಿಡಿಯ ಪುಟ) ನೋಡಿ. ಯಾವ ಸಿಸ್ಟಮ್ ಕಾಲ್‌ಗಳಿಗೆ ಅನುಮತಿ ಎಂದು ಪ್ರೋಸೆಸ್ ತಾನೇ ಫಿಲ್ಟರ್ ಹಾಕಿಕೊಳ್ಳುವ ವ್ಯವಸ್ಥೆ 2012ರಲ್ಲಿ ಲಿನಕ್ಸ್ 3.5ರಲ್ಲಿ ಬಂತು. ಕ್ಯಾಪ್ ಸಿಸ್ ಅಡ್ಮಿನ್ ಎಂಬ ಕೇಪಬಿಲಿಟಿ ಇಲ್ಲದವರು ಫಿಲ್ಟರ್ ಹಾಕುವ ಮೊದಲು 'ನೋ ನ್ಯೂ ಪ್ರಿವ್ಸ್' ಎಂಬ ಬಿಟ್ ಏರಿಸಬೇಕು. ಅದನ್ನು ಏರಿಸಿದ ಮೇಲೆ ಇಳಿಸಲು ಬರುವುದಿಲ್ಲ. ಆಮೇಲೆ ಸೆಟ್‌ಯುಐಡಿ ಪ್ರೋಗ್ರಾಂ ಓಡಿಸಿದರೂ ಹೊಸ ಅಧಿಕಾರ ಸಿಗುವುದಿಲ್ಲ. ಈ ಷರತ್ತು ಏಕೆ? ಮ್ಯಾನ್ ಪೇಜ್ ನೇರವಾಗಿ ಹೇಳುತ್ತದೆ: ಇಲ್ಲದಿದ್ದರೆ ಕೆಟ್ಟ ಉದ್ದೇಶದವರು, ಸೆಟ್‌ಯುಐಡಿ ಕಾಲ್ ಏನೂ ಮಾಡದೆ ಸೊನ್ನೆ ಹಿಂತಿರುಗಿಸುವಂತೆ ಫಿಲ್ಟರ್ ಹಾಕಿ, ಆಮೇಲೆ ಒಂದು ಸೆಟ್‌ಯುಐಡಿ ಪ್ರೋಗ್ರಾಂ ಓಡಿಸಬಹುದು. ಸೆಂಡ್‌ಮೇಲ್ ಕಥೆಯೇ ಇದು. ಅದಕ್ಕೂ 12 ವರ್ಷ ಹಿಂದೆ ಕಲಿತ ಪಾಠವನ್ನು ವಿನ್ಯಾಸದಲ್ಲಿ ಇಟ್ಟರು, ಜೊತೆಗೆ ಡಾಕ್ಯುಮೆಂಟ್‌ನಲ್ಲೂ ಬರೆದರು. ಆ ಒಂದು ವಾಕ್ಯ ಇರುವುದರಿಂದಲೇ ಮುಂದೆ ಯಾರೂ 'ಈ ಷರತ್ತು ಏಕೆ ಬೇಕು, ತೆಗೆಯೋಣ' ಎನ್ನುವುದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಇದು. ಅಧಿಕಾರ ಏನು ಎನ್ನುವುದಕ್ಕಿಂತ ಅಧಿಕಾರ ಬದಲಾಗುವ ಕ್ಷಣಗಳ ಬಗ್ಗೆ ಬರೆಯಿರಿ. ಅಂಥ ಕ್ಷಣಗಳು ತುಂಬಾ ಇಲ್ಲ. ಫೋರ್ಕ್ (ಪ್ರೋಸೆಸ್ ತನ್ನ ನಕಲು ಹುಟ್ಟಿಸುವುದು), ಎಕ್ಸೆಕ್ (ಅದೇ ಪ್ರೋಸೆಸ್ ಬೇರೆ ಪ್ರೋಗ್ರಾಂ ಓಡಿಸಲು ತೊಡಗುವುದು), ಯುಐಡಿ ಮತ್ತು ಕೇಪಬಿಲಿಟಿ ಬದಲಿಸುವ ಕಾಲ್‌ಗಳು, ಹೊಸ ನೇಮ್‌ಸ್ಪೇಸ್‌ಗೆ ಹೋಗುವುದು, ಇನ್ನೊಂದು ಪ್ರೋಸೆಸ್‌ನಿಂದ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ಹಿಡಿ) ಪಡೆಯುವುದು. ಒಂದೊಂದು ಕ್ಷಣದಲ್ಲೂ ಏನು ಉಳಿಯುತ್ತದೆ, ಏನು ಹೋಗುತ್ತದೆ, ಏನು ಹೊಸದಾಗಿ ಬರುತ್ತದೆ ಎಂದು ಬರೆಯಿರಿ.

ಇವುಗಳಲ್ಲಿ ಎಕ್ಸೆಕ್ ಎಲ್ಲಕ್ಕಿಂತ ಮುಖ್ಯ. ಫೋರ್ಕ್ ಸುಲಭ, ಹೆಚ್ಚುಕಡಿಮೆ ಎಲ್ಲವೂ ನಕಲಾಗುತ್ತದೆ, ಅರ್ಧ ಪುಟ ಸಾಕು. ಎಕ್ಸೆಕ್‌ನಲ್ಲಿ ಪ್ರತಿಯೊಂದೂ ತನ್ನದೇ ದಾರಿ ಹಿಡಿಯುತ್ತದೆ. ಸೆಕ್‌ಕಾಂಪ್ ಫಿಲ್ಟರ್ ಉಳಿಯುತ್ತದೆ. ನೋ ನ್ಯೂ ಪ್ರಿವ್ಸ್ ಉಳಿಯುತ್ತದೆ. ನೇಮ್‌ಸ್ಪೇಸ್‌ಗಳು ಉಳಿಯುತ್ತವೆ. ತೆರೆದಿರುವ ಫೈಲ್‌ಗಳು, 'ಎಕ್ಸೆಕ್ ಆದಾಗ ಮುಚ್ಚು' ಎಂಬ ಗುರುತು ಇಲ್ಲದಿದ್ದರೆ, ಉಳಿಯುತ್ತವೆ. ಓಡಿಸಿದ ಫೈಲ್ ಸೆಟ್‌ಯುಐಡಿ ಆಗಿದ್ದರೆ ಎಫೆಕ್ಟಿವ್ ಯುಐಡಿ ಬದಲಾಗುತ್ತದೆ, ಆಮೇಲೆ ಸೇವ್ಡ್ ಯುಐಡಿ ಆ ಹೊಸ ಎಫೆಕ್ಟಿವ್‌ನಿಂದ ನಕಲಾಗುತ್ತದೆ. ಈ ಕ್ರಮ ಮುಖ್ಯ, ತಿರುಗಿಸಿ ಬರೆದರೆ ಅರ್ಥವೇ ಬದಲಾಗುತ್ತದೆ. ಕೇಪಬಿಲಿಟಿಗಳಿಗೆ ಐದು ಪಟ್ಟಿ ಇವೆ: ಪರ್ಮಿಟೆಡ್, ಎಫೆಕ್ಟಿವ್, ಇನ್‌ಹೆರಿಟಬಲ್, ಬೌಂಡಿಂಗ್, 2015ರ 4.3ರಲ್ಲಿ ಸೇರಿದ ಆಂಬಿಯೆಂಟ್. ಅಧಿಕಾರ ಕೊಡುವ ಫೈಲ್ ಓಡಿಸಿದರೆ ಆಂಬಿಯೆಂಟ್ ಖಾಲಿಯಾಗುತ್ತದೆ, ಸಾಮಾನ್ಯ ಫೈಲ್ ಓಡಿಸಿದರೆ ಉಳಿಯುತ್ತದೆ. ಸೂತ್ರ ಕೊಡಿ, ತಪ್ಪಿಲ್ಲ. ಆದರೆ ಸೂತ್ರದ ಜೊತೆಗೆ ಮೂರು ನಾಲ್ಕು ನಿಜವಾದ ಸಂದರ್ಭ ತೆಗೆದುಕೊಂಡು ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂದು ತೋರಿಸಿ. ಸೂತ್ರವನ್ನು ತಲೆಯಲ್ಲಿ ಬಿಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇರಬೇಕು ಎಂದು ನಾವು ಬಯಸುವುದೂ ಸರಿಯಲ್ಲ.

ಇನ್ನು ವಾಕ್ಯದ ಮಟ್ಟಕ್ಕೆ ಬರೋಣ. ನಾನು ನೋಡಿರುವ ಡಾಕ್ಯುಮೆಂಟ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ವಾಕ್ಯ 'ಇದಕ್ಕೆ ಸೂಕ್ತ ಅಧಿಕಾರ ಬೇಕು' ಎನ್ನುವುದು. ಸಿಗ್ನಲ್ ಕಳಿಸುವ ಕಿಲ್ ಕಾಲ್ ತೆಗೆದುಕೊಳ್ಳಿ. 'ಸೂಕ್ತ ಅಧಿಕಾರ ಇದ್ದರೆ ಸಿಗ್ನಲ್ ಕಳಿಸಬಹುದು' ಎಂದು ಬರೆದರೆ ಸುಳ್ಳಲ್ಲ, ಆದರೆ ಏನೂ ಹೇಳಿದಂತಾಗಲಿಲ್ಲ. ಅದನ್ನೇ ಹೀಗೆ ಬರೆಯಬಹುದು: 'ಕಳಿಸುವ ಪ್ರೋಸೆಸ್‌ನ ರಿಯಲ್ ಅಥವಾ ಎಫೆಕ್ಟಿವ್ ಯುಐಡಿ, ಪಡೆಯುವ ಪ್ರೋಸೆಸ್‌ನ ರಿಯಲ್ ಅಥವಾ ಸೇವ್ಡ್ ಯುಐಡಿಗೆ ಸಮ ಇರಬೇಕು. ಇಲ್ಲದಿದ್ದರೆ ಪಡೆಯುವ ಪ್ರೋಸೆಸ್ ಇರುವ ಯೂಸರ್ ನೇಮ್‌ಸ್ಪೇಸ್‌ನಲ್ಲಿ ಕಳಿಸುವವರಿಗೆ ಕ್ಯಾಪ್ ಕಿಲ್ ಇರಬೇಕು. ಪಡೆಯುವವರ ಎಫೆಕ್ಟಿವ್ ಯುಐಡಿಯನ್ನು ನೋಡುವುದಿಲ್ಲ. ಹಾಗಾಗಿ ತಾನು ಶುರು ಮಾಡಿದ ಸೆಟ್‌ಯುಐಡಿ ಪ್ರೋಗ್ರಾಂ ರೂಟ್ ಆಗಿ ಓಡುತ್ತಿದ್ದರೂ ಸಾಮಾನ್ಯ ಬಳಕೆದಾರ ಅದಕ್ಕೆ ಸಿಗ್ನಲ್ ಕಳಿಸಬಹುದು. ಒಂದು ಇಡೀ ಗುಂಪಿಗೆ ಕಳಿಸಿದಾಗ, ಒಬ್ಬರಿಗಾದರೂ ತಲುಪಿದರೆ ಕಾಲ್ ಯಶಸ್ವಿ ಎನ್ನುತ್ತದೆ.'

ಉದ್ದ ಆಯಿತು, ನಿಜ. ಆದರೆ ಇದರಲ್ಲಿ 'ಹಾಗಾಗಿ' ಎಂದು ಶುರುವಾಗುವ ಮಾತನ್ನು ನೋಡಿ. ಅದು ನಿಯಮದಿಂದ ಹೊರಡುವ ಫಲ. ನಿಯಮ ಓದಿ ಫಲವನ್ನು ಓದುಗರೇ ಊಹಿಸಿಕೊಳ್ಳಲಿ ಎಂದು ಬಿಡಬೇಡಿ. ಸೆಟ್‌ಯುಐಡಿ ಪ್ರೋಗ್ರಾಂ ಬರೆಯುವವರಿಗೆ 'ನಡುವೆ ಯಾವಾಗ ಬೇಕಾದರೂ ನಿನ್ನನ್ನು ನಿಲ್ಲಿಸಬಹುದು' ಎಂಬ ಮಾತು ಎಷ್ಟು ಮುಖ್ಯ ಎಂದು ಯೋಚಿಸಿ. ತಾತ್ಕಾಲಿಕ ಫೈಲ್ ಅರ್ಧ ಬರೆದಾಗಲೇ ಪ್ರೋಗ್ರಾಂ ಸತ್ತರೆ ಏನಾಗುತ್ತದೆ ಎಂದು ಅವರು ಆಗಲೇ ಲೆಕ್ಕ ಹಾಕುತ್ತಾರೆ.

ಒಂದು ಅಧಿಕಾರದ ಪರೀಕ್ಷೆಯ ಬಗ್ಗೆ ಬರೆಯುವಾಗ ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗಳಿವೆ. ಯಾರ ಅಧಿಕಾರ ನೋಡುತ್ತಾರೆ? ಯಾವಾಗ ನೋಡುತ್ತಾರೆ? ಯಾವುದಕ್ಕೆ ಹೋಲಿಸಿ ನೋಡುತ್ತಾರೆ?

'ಯಾರ' ಎಂಬ ಪ್ರಶ್ನೆಗೆ 'ಪ್ರೋಸೆಸ್‌ನ' ಎಂದು ಉತ್ತರಿಸಿದರೆ ಲಿನಕ್ಸ್‌ನಲ್ಲಿ ಅದು ಪೂರ್ತಿ ನಿಜ ಅಲ್ಲ. ಕರ್ನಲ್ ಒಳಗೆ ಅಧಿಕಾರ ಇರುವುದು ಥ್ರೆಡ್‌ಗೆ, ಅಂದರೆ ಪ್ರೋಸೆಸ್‌ನೊಳಗೆ ಓಡುವ ಒಂದೊಂದು ಎಳೆಗೆ. ಪೋಸಿಕ್ಸ್ ಎಂಬ ಯುನಿಕ್ಸ್ ಮಾನದಂಡ ಮಾತ್ರ ಇಡೀ ಪ್ರೋಸೆಸ್ ಬದಲಾಗಬೇಕು ಎನ್ನುತ್ತದೆ. ಈ ಅಂತರವನ್ನು ತುಂಬುವುದು ಸಿ ಲೈಬ್ರರಿ. ಗ್ಲಿಬ್‌ಸಿ ಎಂಬ ಸಿ ಲೈಬ್ರರಿ ಒಂದು ಒಳಗಿನ ಸಿಗ್ನಲ್ ಕಳಿಸಿ ಎಲ್ಲ ಥ್ರೆಡ್‌ಗಳಲ್ಲೂ ಅದೇ ಕಾಲ್ ಮಾಡಿಸುತ್ತದೆ. ಲೈಬ್ರರಿ ಬಿಟ್ಟು ನೇರವಾಗಿ ಸಿಸ್ಟಮ್ ಕಾಲ್ ಮಾಡಿದರೆ ಒಂದೇ ಥ್ರೆಡ್ ಇಳಿಯುತ್ತದೆ, ಉಳಿದವು ರೂಟ್ ಆಗಿಯೇ ಓಡುತ್ತಿರುತ್ತವೆ. ಅವೆಲ್ಲ ಒಂದೇ ಮೆಮೊರಿ ಹಂಚಿಕೊಂಡಿರುವುದರಿಂದ ಇಳಿದದ್ದಕ್ಕೆ ಬೆಲೆಯೇ ಇಲ್ಲ. ಗೋ ಭಾಷೆ ಲಿನಕ್ಸ್‌ನಲ್ಲಿ ಸೆಟ್‌ಯುಐಡಿಯನ್ನು ಸರಿಯಾಗಿ ಕೊಟ್ಟದ್ದು 2021ರ 1.16ರಲ್ಲಿ. ಅಷ್ಟು ತಡವಾಗಲು ಇದೇ ಕಾರಣ. ಕರ್ನಲ್‌ನ ಡಾಕ್ಯುಮೆಂಟ್ 'ನಮ್ಮ ಕೆಲಸ ಇಲ್ಲಿಗೆ ಮುಗಿಯಿತು, ಇಲ್ಲಿಂದ ಮುಂದೆ ಲೈಬ್ರರಿಯ ಕೆಲಸ' ಎಂದು ಗೆರೆ ಎಳೆಯಲೇಬೇಕು.

ಕರ್ನಲ್ ಒಳಗೆ ಕೋಡ್ ಬರೆಯುವವರಿಗೆ ಇನ್ನೂ ಒಂದು ಹೆಜ್ಜೆ ಇದೆ. 2009ರ 2.6.29ರಿಂದ ಅಧಿಕಾರದ ವಿವರಗಳು ಕ್ರೆಡ್ ಎಂಬ ಬೇರೆ ಸ್ಟ್ರಕ್ಚರ್‌ನಲ್ಲಿವೆ. ಅದನ್ನು ಇದ್ದಲ್ಲೇ ತಿದ್ದುವಂತಿಲ್ಲ. ನಕಲು ಮಾಡಿ, ನಕಲನ್ನು ತಿದ್ದಿ, ಆಮೇಲೆ ಜಾರಿಗೆ ತರಬೇಕು. ಒಂದು ಟಾಸ್ಕ್ (ಕರ್ನಲ್ ಲೆಕ್ಕದಲ್ಲಿ ಒಂದು ಥ್ರೆಡ್) ತನ್ನದನ್ನು ಮಾತ್ರ ಬದಲಿಸಬಹುದು, ಇನ್ನೊಂದರದ್ದನ್ನು ಅಲ್ಲ. ಈ ಒಂದು ವಾಕ್ಯ ಗೊತ್ತಿದ್ದರೆ ಓದುವವರು ಎಷ್ಟೋ ಲಾಕಿಂಗ್ ಚಿಂತೆಯನ್ನು ಬಿಡಬಹುದು. ಜೊತೆಗೆ ಪ್ರತಿ ಟಾಸ್ಕ್‌ಗೂ ಎರಡು ಕ್ರೆಡ್ ಪಾಯಿಂಟರ್ ಇವೆ. ಒಂದು, ತಾನು ಬೇರೆಯವರ ಮೇಲೆ ಕೆಲಸ ಮಾಡುವಾಗ ನೋಡುವುದು. ಇನ್ನೊಂದು, ಬೇರೆಯವರು ತನ್ನ ಮೇಲೆ ಕೆಲಸ ಮಾಡುವಾಗ ನೋಡುವುದು. ಸಾಮಾನ್ಯವಾಗಿ ಎರಡೂ ಒಂದೇ. ಓವರ್‌ಲೇ ಫೈಲ್‌ಸಿಸ್ಟಮ್‌ನಂಥ ಕೋಡ್ ಸ್ವಲ್ಪ ಹೊತ್ತು ಬೇರೆ ಅಧಿಕಾರ ತೊಟ್ಟುಕೊಂಡಾಗ ಮೊದಲನೆಯದು ಮಾತ್ರ ಬದಲಾಗುತ್ತದೆ. ನಿಮ್ಮ ತಂಡದ ಕೋಡ್ ಎಲ್ಲಾದರೂ ಹೀಗೆ ತೊಟ್ಟುಕೊಳ್ಳುತ್ತಿದ್ದರೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯುವುದು ಕಡ್ಡಾಯ ಎಂದೇ ತಿಳಿಯಿರಿ.

'ಯಾವಾಗ' ಎಂಬ ಪ್ರಶ್ನೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2012ರ ಜನವರಿಯಲ್ಲಿ ಹೊರಬಂದ ದೋಷ ಒಳ್ಳೆಯ ಉದಾಹರಣೆ. ಪ್ರಾಕ್ ಫೈಲ್‌ಸಿಸ್ಟಮ್‌ನಲ್ಲಿ (ಪ್ರೋಸೆಸ್‌ಗಳ ವಿವರವನ್ನು ಕರ್ನಲ್ ಫೈಲ್‌ಗಳಾಗಿ ತೋರಿಸುವ ಜಾಗ) ಪ್ರತಿ ಪ್ರೋಸೆಸ್‌ಗೂ ಮೆಮ್ ಎಂಬ ಫೈಲ್ ಇದೆ. ಅದನ್ನು ತೆರೆದು ಬರೆದರೆ ಆ ಪ್ರೋಸೆಸ್‌ನ ಮೆಮೊರಿಯೇ ಬದಲಾಗುತ್ತದೆ. 2.6.39ರಲ್ಲಿ ಬರೆಯುವುದಕ್ಕೆ ಅವಕಾಶ ಕೊಟ್ಟರು. ಅನುಮತಿಯನ್ನು ತೆರೆಯುವಾಗ ನೋಡದೆ ಬರೆಯುವಾಗ ನೋಡುತ್ತಿದ್ದರು. ಬರೆಯುತ್ತಿರುವವರೇ ಆ ಮೆಮೊರಿಯ ಒಡೆಯರಾ ಎಂಬುದು ಪರೀಕ್ಷೆ. ದಾಳಿ ಮಾಡುವವರು ಆ ಫೈಲ್ ತೆರೆದು, ಅದನ್ನೇ ಸ್ಟ್ಯಾಂಡರ್ಡ್ ಎರರ್ (ಎರರ್ ಸಂದೇಶ ಹೋಗುವ ದಾರಿ) ಜಾಗಕ್ಕೆ ಇಟ್ಟು, ಸೆಟ್‌ಯುಐಡಿ ರೂಟ್ ಆಗಿರುವ ಸು ಎಂಬ ಪ್ರೋಗ್ರಾಂ (ಬೇರೆ ಬಳಕೆದಾರ ಆಗಲು ಇರುವುದು) ಓಡಿಸುತ್ತಿದ್ದರು. ತಪ್ಪು ಹೆಸರು ಕೊಟ್ಟರೆ ಸು ಆ ಹೆಸರನ್ನೇ ಸೇರಿಸಿ ಎರರ್ ಸಂದೇಶ ಬರೆಯುತ್ತದೆ. ಬರೆಯುತ್ತಿರುವುದು ಸು, ಬದಲಾಗುತ್ತಿರುವುದೂ ಸು ಪ್ರೋಗ್ರಾಂನ ಮೆಮೊರಿ. ಪರೀಕ್ಷೆ ಪಾಸ್. ಎಕ್ಸೆಕ್ ಆಗಿದೆಯಾ ಎಂದು ನೋಡುವ ಇನ್ನೊಂದು ತಡೆಯೂ ಇತ್ತು. ಮಗು ಪ್ರೋಸೆಸ್‌ನಿಂದ ಫೈಲ್ ತೆರೆಸಿ ಡಿಸ್ಕ್ರಿಪ್ಟರ್ ವಾಪಸ್ ತರಿಸಿಕೊಂಡು ಅದನ್ನೂ ದಾಟಿದರು. ಪರಿಹಾರ ಸರಳವಾಗಿತ್ತು. ಅನುಮತಿಯನ್ನು ತೆರೆಯುವಾಗಲೇ ನೋಡುವುದು, ಆಗ ಇದ್ದ ಮೆಮೊರಿಗೇ ಆ ಫೈಲ್ ಅನ್ನು ಕಟ್ಟಿಹಾಕುವುದು.

ಯುನಿಕ್ಸ್‌ನ ಹಳೆಯ ಒಪ್ಪಂದ ಇದು: ಅನುಮತಿ ತೆರೆಯುವಾಗ, ಆಮೇಲೆ ಡಿಸ್ಕ್ರಿಪ್ಟರ್ ಯಾರ ಕೈಯಲ್ಲಿದೆಯೋ ಅವರಿಗೆ ಅಧಿಕಾರ. ನಿಮ್ಮ ತಂಡ ಸೇರಿಸಿದ ಡ್ರೈವರ್ ಅಥವಾ ಪ್ರಾಕ್ ಫೈಲ್ ಇದನ್ನು ಮೀರಿದರೆ, ಅಂದರೆ ಓದುವಾಗ ಅಥವಾ ಬರೆಯುವಾಗ ಪರೀಕ್ಷೆ ಮಾಡಿದರೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬರೆಯುತ್ತಾ ಹೋದಂತೆ ಅದು ಬೇಡವಾಗಿತ್ತು ಎಂದು ನಿಮಗೇ ಅನ್ನಿಸಬಹುದು. ಡಾಕ್ಯುಮೆಂಟ್ ಬರೆಯುವಾಗ ಸಿಕ್ಕ ದೋಷಗಳು ಕಡಿಮೆ ಬೆಲೆಗೆ ಸಿಕ್ಕವು, ಅವುಗಳನ್ನು ತಂಡಕ್ಕೆ ಹೇಳಲು ಹಿಂಜರಿಯಬೇಡಿ.

'ಯಾವುದಕ್ಕೆ ಹೋಲಿಸಿ' ಎಂಬುದು ಯೂಸರ್ ನೇಮ್‌ಸ್ಪೇಸ್ ಬಂದ ಮೇಲೆ ಹುಟ್ಟಿದ ಪ್ರಶ್ನೆ. ಕರ್ನಲ್ ಕೋಡ್‌ನಲ್ಲಿ ಕೇಪಬಲ್ ಎಂಬ ಫಂಕ್ಷನ್ ಇದೆ, ಎನ್‌ಎಸ್ ಕೇಪಬಲ್ ಎಂಬುದೂ ಇದೆ. ಮೊದಲನೆಯದು ಇಡೀ ಯಂತ್ರದ ಮೂಲ ನೇಮ್‌ಸ್ಪೇಸ್‌ನಲ್ಲಿ ಅಧಿಕಾರ ಇದೆಯಾ ಎಂದು ಕೇಳುತ್ತದೆ. ಎರಡನೆಯದು ನಾವು ಹೇಳಿದ ನೇಮ್‌ಸ್ಪೇಸ್‌ನಲ್ಲಿ ಇದ್ದರೆ ಸಾಕು ಎನ್ನುತ್ತದೆ. ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸುವುದು ಒಂದೇ ಸಾಲಿನ ಕೆಲಸ. ಆದರೆ ಆ ಒಂದು ಸಾಲಿನಿಂದ, ರೂಟ್ ಮಾತ್ರ ತಲುಪಬಹುದಾಗಿದ್ದ ಕೋಡ್ ಯಂತ್ರದ ಪ್ರತಿ ಬಳಕೆದಾರನಿಗೂ ತೆರೆದುಕೊಳ್ಳುತ್ತದೆ. ಆದ್ದರಿಂದ 'ಕ್ಯಾಪ್ ನೆಟ್ ಅಡ್ಮಿನ್ ಬೇಕು' ಎಂದು ನಿಲ್ಲಿಸಬೇಡಿ. 'ಈ ನೆಟ್‌ವರ್ಕ್ ನೇಮ್‌ಸ್ಪೇಸ್‌ನ ಒಡೆತನ ಯಾವ ಯೂಸರ್ ನೇಮ್‌ಸ್ಪೇಸ್‌ನದ್ದೋ, ಅಲ್ಲಿ ಕ್ಯಾಪ್ ನೆಟ್ ಅಡ್ಮಿನ್ ಬೇಕು' ಎಂದು ಬರೆಯಿರಿ.

ಕೇಪಬಿಲಿಟಿಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. 2020ರ 5.9ರ ಹೊತ್ತಿಗೆ ಅವು 41 ಆದವು. ಪಟ್ಟಿ ನೋಡಿದರೆ ರೂಟ್ ಅನ್ನು 41 ಸಮಾನ ತುಂಡು ಮಾಡಿದಂತೆ ಕಾಣುತ್ತದೆ. ವಾಸ್ತವ ಹಾಗಿಲ್ಲ. ಕರ್ನಲ್ ಮಾಡ್ಯೂಲ್ ಸೇರಿಸುವ ಅಧಿಕಾರ ಇದ್ದವರಿಗೆ ಎಲ್ಲವೂ ಇದೆ. ಯಾವ ಯುಐಡಿಗೆ ಬೇಕಾದರೂ ಬದಲಾಗುವ ಅಧಿಕಾರ ಇದ್ದವರೂ ರೂಟ್ ಆಗುತ್ತಾರೆ. ಕ್ಯಾಪ್ ಸಿಸ್ ಅಡ್ಮಿನ್ ಅಂತೂ ಎಲ್ಲಿಯೂ ಜಾಗ ಸಿಗದ ಕೆಲಸಗಳ ಗೋದಾಮು. ಅದನ್ನು ಸ್ವಲ್ಪ ಖಾಲಿ ಮಾಡಲೆಂದೇ 5.8ರಲ್ಲಿ ಕ್ಯಾಪ್ ಬಿಪಿಎಫ್ ಮತ್ತು ಕ್ಯಾಪ್ ಪರ್ಫ್‌ಮಾನ್ ಎಂಬ ಬೇರೆ ಕೇಪಬಿಲಿಟಿಗಳು ಬಂದವು. ಹಾಗಾಗಿ ಪ್ರತಿ ಕೇಪಬಿಲಿಟಿಯ ಪಕ್ಕದಲ್ಲೂ 'ಇದರಿಂದ ಪೂರ್ಣ ರೂಟ್ ತಲುಪಬಹುದಾ' ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯುವ ಧೈರ್ಯ ಮಾಡಿ. ಸರ್ವಿಸ್‌ಗಳಿಗೆ ಅಧಿಕಾರ ಹಂಚುವವರಿಗೆ ನಿಮ್ಮ ಇಡೀ ಡಾಕ್ಯುಮೆಂಟ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಒಂದು ಕಾಲಮ್.

ಈಗ ಐಸೊಲೇಷನ್. ಇಲ್ಲಿ ನಾನು ಒತ್ತಿ ಹೇಳುವುದು ಒಂದೇ: ಏನು ಬೇರೆ ಆಗುತ್ತದೆ ಎಂದು ಬರೆದ ಪ್ರತಿ ಕಡೆಯಲ್ಲೂ ಏನು ಬೇರೆ ಆಗುವುದಿಲ್ಲ ಎಂದೂ ಬರೆಯಿರಿ.

ಸೀರೂಟ್ ಎಂಬ ಸಿಸ್ಟಮ್ ಕಾಲ್ 1979ರ ಏಳನೇ ಆವೃತ್ತಿಯ ಯುನಿಕ್ಸ್ ಕಾಲದಿಂದ ಇದೆ. ಅದು ಫೈಲ್ ಹೆಸರುಗಳನ್ನು ಹುಡುಕಲು ಶುರು ಮಾಡುವ ಜಾಗ ಬದಲಿಸುತ್ತದೆ, ಅಷ್ಟೇ. ಒಳಗಿರುವವರು ರೂಟ್ ಆಗಿದ್ದರೆ ಹೊರಗೆ ಬರಬಹುದು. ಆದರೂ ಎಷ್ಟೋ ಕಡೆ ಅದನ್ನು ಭದ್ರ ಗೋಡೆ ಎಂದು ನಂಬಿದರು. 'ಇದು ಭದ್ರತೆಗಾಗಿ ಅಲ್ಲ' ಎಂಬ ಮಾತು ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನೇಮ್‌ಸ್ಪೇಸ್‌ಗಳಲ್ಲೂ ಹೀಗೇ. ಟೈಮ್ ನೇಮ್‌ಸ್ಪೇಸ್ ಎಂದರೆ ಗಡಿಯಾರವೇ ಬೇರೆ ಆಗುತ್ತದೆ ಎನ್ನಿಸುತ್ತದೆ. ಬೇರೆ ಆಗುವುದು ಮಾನೊಟಾನಿಕ್ ಮತ್ತು ಬೂಟ್‌ಟೈಮ್ ಗಡಿಯಾರಗಳು, ಅಂದರೆ ಯಂತ್ರ ಶುರುವಾದಾಗಿನಿಂದ ಎಣಿಸುವವು. ದಿನಾಂಕ ಹೇಳುವ ಗಡಿಯಾರ ಎಲ್ಲರಿಗೂ ಒಂದೇ. ಅನ್‌ಶೇರ್ ಕಾಲ್‌ನಿಂದ ಹೊಸ ಪಿಐಡಿ (ಪ್ರೋಸೆಸ್ ಸಂಖ್ಯೆ) ನೇಮ್‌ಸ್ಪೇಸ್ ಕೇಳಿದರೆ ಕೇಳಿದ ಪ್ರೋಸೆಸ್ ಅದರೊಳಗೆ ಹೋಗುವುದಿಲ್ಲ, ಆಮೇಲೆ ಹುಟ್ಟುವ ಮಕ್ಕಳು ಹೋಗುತ್ತಾರೆ. ಒಳಗಿನವರಿಗೆ ಹೊರಗಿನವರು ಕಾಣುವುದಿಲ್ಲ, ಹೊರಗಿನವರಿಗೆ ಒಳಗಿನವರು ಕಾಣುತ್ತಾರೆ. ಪ್ರಾಕ್ ಅನ್ನು ಒಳಗೆ ಹೊಸದಾಗಿ ಮೌಂಟ್ ಮಾಡದಿದ್ದರೆ ಹಳೆಯ ಪಟ್ಟಿಯೇ ಕಾಣುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ನೇಮ್‌ಸ್ಪೇಸ್‌ಗಳ ಕೆಳಗಿರುವ ಕರ್ನಲ್ ಒಂದೇ. ಅದರಲ್ಲಿ ಒಂದು ದೋಷ ಸಿಕ್ಕರೆ ಎಲ್ಲ ಗೋಡೆಗಳೂ ಒಟ್ಟಿಗೆ ಬೀಳುತ್ತವೆ.

ಸೆಕ್‌ಕಾಂಪ್ ಫಿಲ್ಟರ್ ಆರ್ಗ್ಯುಮೆಂಟ್‌ಗಳ ಬೆಲೆ ನೋಡುತ್ತದೆ, ಪಾಯಿಂಟರ್ ತೋರಿಸುವ ಮೆಮೊರಿಯನ್ನು ನೋಡುವುದಿಲ್ಲ. ಫೈಲ್ ಹೆಸರು ಇರುವುದು ಅಲ್ಲಿ. ಆದ್ದರಿಂದ 'ಈ ಫೈಲ್ ತೆರೆಯಬೇಡ' ಎಂದು ಅದರಿಂದ ಹೇಳಲಾಗದು. ಅದಕ್ಕೆ 2021ರ 5.13ರಲ್ಲಿ ಬಂದ ಲ್ಯಾಂಡ್‌ಲಾಕ್‌ನಂಥದ್ದು ಬೇಕು. ಐಒ ಯುರಿಂಗ್‌ನ (ಕೆಲಸಗಳನ್ನು ಸಾಲಾಗಿ ಹಾಕಿ ಕರ್ನಲ್‌ಗೆ ಒಪ್ಪಿಸುವ ವ್ಯವಸ್ಥೆ) ರಿಂಗ್ ಮೂಲಕ ಹೋಗುವ ಕೆಲಸಗಳನ್ನೂ ಫಿಲ್ಟರ್ ಒಂದೊಂದಾಗಿ ನೋಡುವುದಿಲ್ಲ. ಓಪನ್ ಕಾಲ್ ತಡೆದೆ ಎಂದು ನೆಮ್ಮದಿಯಾಗಿರುವವರಿಗೆ ಇದು ಗೊತ್ತಿರಲೇಬೇಕು.

ಇಂಥ 'ಇಲ್ಲ'ಗಳನ್ನು ಬರೆದರೆ ನಮ್ಮ ಕೆಲಸ ದುರ್ಬಲ ಎಂದು ಕಾಣುತ್ತದೆ ಎಂಬ ಅಳುಕು ತಂಡಗಳಲ್ಲಿ ಇರುತ್ತದೆ. ಅವರಿಗೆ ಎಸ್‌ಇಎಲ್4 ತೋರಿಸಿ. 2009ರಲ್ಲಿ ಸುಮಾರು 8,700 ಸಾಲಿನ ಸಿ ಕೋಡ್ ಅದರ ವಿವರಣೆಯಂತೆಯೇ ನಡೆಯುತ್ತದೆ ಎಂದು ಗಣಿತದಿಂದ ಸಾಧಿಸಿ ತೋರಿಸಿದ ಕರ್ನಲ್ ಅದು. ಅಷ್ಟು ಬಲವಾದ ಸಾಧನೆಯ ಜೊತೆಗೇ ಅವರು ತಮ್ಮ ನಂಬಿಕೆಗಳನ್ನೂ ಬರೆದಿಟ್ಟರು. ಹಾರ್ಡ್‌ವೇರ್ ಸರಿಯಾಗಿದೆ ಎಂದುಕೊಂಡಿದ್ದೇವೆ, ಅಸೆಂಬ್ಲಿ ಕೋಡ್ ಮತ್ತು ಬೂಟ್ ಕೋಡ್ ಈ ಸಾಧನೆಯೊಳಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ನನಗೆ ಆ ಪಟ್ಟಿಯ ಮೇಲೆ ತುಂಬಾ ಗೌರವ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಹೊರಬಂದಾಗ ಅಲುಗಾಡಿದ್ದು ಅಂಥದೇ ಒಂದು ನಂಬಿಕೆ. ಪೇಜ್ ಟೇಬಲ್‌ನಲ್ಲಿ (ಮೆಮೊರಿ ಪುಟಗಳ ನಕ್ಷೆ) 'ಇದು ಕರ್ನಲ್‌ಗೆ ಮಾತ್ರ' ಎಂದು ಗುರುತು ಹಾಕಿದ ಪುಟವನ್ನು ಬಳಕೆದಾರರ ಕೋಡ್ ಓದಲಾಗದು ಎಂದು ಎಲ್ಲ ದೊಡ್ಡ ಕರ್ನಲ್‌ಗಳೂ ನಂಬಿದ್ದವು. ಆ ನಂಬಿಕೆಯನ್ನು ಬರೆದಿಟ್ಟುಕೊಂಡವರಿಗೆ ಯಾವ ಭಾಗ ಮತ್ತೆ ನೋಡಬೇಕು ಎಂದು ಹುಡುಕುವುದು ಸುಲಭವಾಗುತ್ತದೆ.

ನೀವು ಬರೆದದ್ದು ನಿಜವಾಗಿಯೇ ಉಳಿಯಬೇಕು ಎಂದರೆ ಪ್ರತಿ ಮಾತಿಗೂ ಒಂದು ಟೆಸ್ಟ್ ಕಟ್ಟಿ. ಕರ್ನಲ್ ಮೂಲದಲ್ಲೇ ಸೆಲ್ಫ್‌ಟೆಸ್ಟ್ ಫೋಲ್ಡರ್ ಇದೆ, ಅದರಲ್ಲಿ ಸೆಕ್‌ಕಾಂಪ್, ಕೇಪಬಿಲಿಟಿ, ಲ್ಯಾಂಡ್‌ಲಾಕ್ ಟೆಸ್ಟ್‌ಗಳಿವೆ. ಪ್ರಾಕ್‌ನ ಸ್ಟೇಟಸ್ ಫೈಲ್ ಓದಿದರೆ ನಾಲ್ಕು ಯುಐಡಿ, ಐದು ಕೇಪಬಿಲಿಟಿ ಪಟ್ಟಿ, ನೋ ನ್ಯೂ ಪ್ರಿವ್ಸ್, ಸೆಕ್‌ಕಾಂಪ್ ಸ್ಥಿತಿ ಎಲ್ಲವೂ ಸಿಗುತ್ತದೆ. ನಾಲ್ಕನೆಯ ಯುಐಡಿ ಫೈಲ್‌ಸಿಸ್ಟಮ್‌ನದ್ದು, ಸಾಮಾನ್ಯವಾಗಿ ಎಫೆಕ್ಟಿವ್ ಹಿಂದೆಯೇ ಹೋಗುತ್ತದೆ. ಡಾಕ್ಯುಮೆಂಟ್‌ನಲ್ಲಿ ಮೊದಲ ಉದಾಹರಣೆಯೇ ಈ ಫೈಲ್ ಓದುವುದಾಗಿರಲಿ. 'ಅಧಿಕಾರ ಬಿಟ್ಟ ಮೇಲೆ ಇಲ್ಲಿ ನೋಡಿ, ಆಮೇಲೆ ಮತ್ತೆ ರೂಟ್ ಆಗಲು ಪ್ರಯತ್ನಿಸಿ, ಆಗಬಾರದು' ಎಂದು ಹೇಳಿಕೊಡಿ. ಹಿಂತಿರುಗಿಸಿದ ಬೆಲೆ ನೋಡುವುದು ಬೇಕೇ ಬೇಕು. ಆದರೆ ಸೆಂಡ್‌ಮೇಲ್‌ಗೆ ಸಿಕ್ಕ ಬೆಲೆ ಸರಿಯಾಗಿಯೇ ಇತ್ತು, ಮರೆಯಬೇಡಿ.

ಬರೆದಿರುವ ಅಧ್ಯಾಯಗಳನ್ನು ತೆಗೆಯಬೇಡಿ, ಹಿಂದಕ್ಕೆ ಸರಿಸಿ. ಅವು ಹುಡುಕಿ ನೋಡಲು ಬೇಕಾಗುತ್ತವೆ. ಮುಂದೆ ಎಕ್ಸೆಕ್ ಬಗ್ಗೆ, ಅಧಿಕಾರ ಬಿಡುವ ಬಗ್ಗೆ, ನಂಬಿಕೆಗಳ ಬಗ್ಗೆ ಹೊಸದಾಗಿ ಬರೆಯಿರಿ. ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ನಿಮ್ಮ ತಂಡ ಸೇರಿಸಿದ ಕೋಡ್‌ನಲ್ಲಿ ಕೇಪಬಲ್ ಮತ್ತು ಎನ್‌ಎಸ್ ಕೇಪಬಲ್ ಎಲ್ಲೆಲ್ಲಿ ಇದೆ ಎಂದು ಹುಡುಕಿ. ಒಂದೊಂದರ ಮುಂದೆಯೂ ಯಾರ, ಯಾವಾಗ, ಯಾವುದಕ್ಕೆ ಹೋಲಿಸಿ ಎಂದು ಮೂರು ಸಾಲು ಬರೆಯಿರಿ. ಉತ್ತರ ಹೊಳೆಯದ ಜಾಗ ಬಂದರೆ ಆ ಕೋಡ್ ಬರೆದವರ ಹತ್ತಿರ ಹೋಗಿ ಕೂತು ಕೇಳಿ. ಅವರು ಕೊಡುವ ವಿವರಣೆಯನ್ನು ಅವರದೇ ಮಾತಿನಲ್ಲಿ, ಕಾರಣದ ಸಮೇತ, ಆ ಫಂಕ್ಷನ್‌ನ ಮೇಲಿನ ಕಾಮೆಂಟ್‌ನಲ್ಲೇ ಇಡಿ. ಕೋಡ್ ಬದಲಿಸುವವರ ಕಣ್ಣಿಗೆ ಮೊದಲು ಬೀಳುವುದು ಅದೇ.